ಒಂದು ಉದಾಹರಣೆ ಕೊಡಿ

ಫೆಬ್ರವರಿ 3, ಸೋಮವಾರ

ಗಣಿತದ ಅನಾಲಿಸಿಸ್ ಪತ್ರಿಕೆ ಪಾಸಾಯಿತು. ಮೊದಲ ಸಲ ನನಗೆ ಮಣ್ಣು ಮುಕ್ಕಿಸಿದ್ದ ಪರೀಕ್ಷೆ. ಈ ಸಲವೂ ಕೈಕೊಟ್ಟಿದ್ದರೆ ಮತ್ತೆ ಬರೆಯಲು ನಿಯಮದಲ್ಲಿ ಜಾಗವೇ ಇರಲಿಲ್ಲ. ವಿಭಾಗದ ನೋಟಿಸ್ ಬೋರ್ಡಿನ ಎದುರು ನಿಂತು ನನ್ನ ಸಂಖ್ಯೆಯ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ನೋಡಿದೆ. ಪಕ್ಕದಲ್ಲಿದ್ದ ಹುಡುಗಿ, ನನ್ನ ಅರ್ಧ ವಯಸ್ಸಿನವಳು, "ಆಂಟಿ, ಅದೇ ನಂಬರು. ಅಳಿಸಿ ಹೋಗಲ್ಲ" ಅಂದಳು. ಬೇರೆ ದಿನವಾಗಿದ್ದರೆ ಆಂಟಿ ಅಂದದ್ದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದೆ. ಇವತ್ತು ಅವಳಿಗೆ ಕಾಫಿ ಕೊಡಿಸಿದೆ.

ಈ ಸಂತೋಷವನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೇ ಈ ದಿನಚರಿ. ಪಾಠ ಕೇಳಿ ಪರೀಕ್ಷೆ ಬರೆದರೆ ಎಂ.ಎಸ್ಸಿ. ಮುಗಿಯಿತು ಎಂದುಕೊಂಡು ಸೇರಿದವಳು ನಾನು. ಪತ್ರಿಕೆಗಳೆಲ್ಲ ಮುಗಿದಿವೆ, ಬೀಜಗಣಿತದ ದೊಡ್ಡ ಪರೀಕ್ಷೆ ಮುಗಿದಿದೆ, ಈಗ ಇದೂ ಆಯಿತು. ಉಳಿದಿರುವುದು ಒಂದು ಪ್ರಬಂಧ, ವಿಭಾಗದ ಸೆಮಿನಾರಿನಲ್ಲಿ ಅದರ ಮೇಲೊಂದು ಭಾಷಣ, ಕೊನೆಗೆ ಮೌಖಿಕ ಪರೀಕ್ಷೆ. ಎಲ್ಲ ಮೇ ತಿಂಗಳ ಒಳಗೆ. ಸಂಜೆ ತರಗತಿಯವರಿಗೆ ಆರು ವರ್ಷದ ಗಡುವು. ಅದು ದಾಟಿದರೆ ಪಾಸಾದ ಪತ್ರಿಕೆಗಳೂ ನೀರಲ್ಲಿ ಹೋಮ ಮಾಡಿದ ಹಾಗೆ.

ನಮ್ಮ ಶಾಲೆಯ ಗಣಿತ ವಿಭಾಗದ ಮುಖ್ಯಸ್ಥರು ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ಎಂ.ಎಸ್ಸಿ. ಬೇಕು. ನನಗೆ ಆ ಕುರ್ಚಿ ಬೇಕು. ದಿನಚರಿಯಲ್ಲಾದರೂ ನಾಚಿಕೆ ಬಿಟ್ಟು ಬರೆಯಬಹುದಲ್ಲ.

ಅತ್ತೆಗೆ ವಿಷಯ ಹೇಳಿದೆ. ಅವರು ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಲೋಕದ ಸಮಸ್ತವನ್ನೂ ಬಸಿರಿನ ಲೆಕ್ಕದಲ್ಲೇ ನೋಡುತ್ತಾರೆ. "ಹಾಗಾದ್ರೆ ಇನ್ನು ನೋವು ಶುರುವಾಗೋದೊಂದೇ ಬಾಕಿ" ಅಂದರು.

ಫೆಬ್ರವರಿ 12, ಬುಧವಾರ

ಎಂಟನೇ ತರಗತಿಯಲ್ಲಿ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತು ಕೇಳಿದಳು. "ಮಿಸ್, ಹನ್ನೊಂದು ಹದಿಮೂರು, ಹದಿನೇಳು ಹತ್ತೊಂಬತ್ತು, ಹೀಗೆ ಅವಿಭಾಜ್ಯ ಸಂಖ್ಯೆಗಳು ಜೋಡಿ ಜೋಡಿ ಬರ್ತವಲ್ಲ, ಅವು ಎಲ್ಲಿಗೆ ನಿಲ್ತವೆ?" ಇದಕ್ಕೆ ಜಗತ್ತಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ. ನಾನು "ಅದು ನಿಮ್ಮ ಪಾಠದಲ್ಲಿಲ್ಲ, ಕೂತ್ಕೋ" ಅಂದೆ. ಒಮ್ಮೆ ಗೊತ್ತಿಲ್ಲ ಅಂದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ.

ಸಂಜೆ ಗೈಡ್ ಮೇಡಂ ಕೊಠಡಿಗೆ ಹೋದೆ. ನನಗಿಂತ ಚಿಕ್ಕವರು, ಆದರೂ ನನ್ನನ್ನು "ಬನ್ನಿ, ಕೂತ್ಕೊಳ್ಳಿ" ಎಂದೇ ಮಾತಾಡಿಸುತ್ತಾರೆ. ಪ್ರಬಂಧದ ವಿಷಯ ಜಾಲಗಳು, ಅಂದರೆ ಬಿಂದುಗಳು ಮತ್ತು ಅವನ್ನು ಸೇರಿಸುವ ಗೆರೆಗಳು. ಮೇಡಂ ಅದನ್ನು ಮನುಷ್ಯರ ಭಾಷೆಗೆ ತಂದರು. "ಬಿಂದು ಅಂದ್ರೆ ಜನ ಅಂದ್ಕೊಳ್ಳಿ, ಗೆರೆ ಅಂದ್ರೆ ಪರಿಚಯ. ಪರಿಚಯ ಇರೋ ಯಾವ ಇಬ್ಬರನ್ನ ತಗೊಂಡ್ರೂ, ಆ ಇಬ್ಬರಿಗೂ ಗೊತ್ತಿರೋ ಮೂರನೆಯವರು ಒಬ್ಬರೇ ಒಬ್ಬರು ಇರ್ಬೇಕು. ಅದು ಮೊದಲನೇ ಷರತ್ತು. ಯಾರಿಂದ ಯಾರಿಗೆ ಬೇಕಾದ್ರೂ ಪರಿಚಯದ ದಾರಿ ಇರ್ಬೇಕು, ಅದು ಎರಡನೇದು."

ಮೂರನೆಯ ಷರತ್ತು ನನ್ನ ಸ್ವಂತದ್ದು. ಮ್ಯಾಟ್ರಿಕ್ಸ್ ಭಾಷೆಯಲ್ಲಿ ಒಂದೇ ಸಾಲು, ನೋಡಲು ಬಲು ಅಂದ. ಮೇಡಂ ಅದನ್ನು ಓದಿ, "ಚೆನ್ನಾಗಿದೆ. ಇದರಿಂದ ಏನು ಬರುತ್ತೆ ನೋಡಿ" ಅಂದರು. ಬಸ್ಸಿನಲ್ಲಿ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 1, ಶನಿವಾರ

ಇವರು ಇವತ್ತು ನಾಲ್ಕು ಜನರ ಕೈಯಲ್ಲಿ ಒಂದು ಲಿಫ್ಟಿನ ಬಾಗಿಲು ಹೊರಿಸಿಕೊಂಡು ಬಂದರು. ಇವರ ಕೆಲಸವೇ ಲಿಫ್ಟ್ ರಿಪೇರಿ. ಯಾವುದೋ ಹಳೆಯ ಕಟ್ಟಡದಲ್ಲಿ ಬಿಚ್ಚಿ ಬಿಸಾಕಿದ್ದ ಬಾಗಿಲಂತೆ. ಅದಕ್ಕೆ ಕಪ್ಪು ಹಲಗೆಯ ಬಣ್ಣ ಬಳಿದು, ಊಟದ ಕೋಣೆಯ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದರು. "ನಿಮ್ಮ ವಿಭಾಗದಲ್ಲಿ ಇಂಥ ಬೋರ್ಡು ಇಲ್ಲ. ಇದು ಎಂಟು ಜನರ ಭಾರ ತಡೆಯುತ್ತೆ" ಅಂದರು. ಬೋರ್ಡಿನ ಮೇಲೆ ಎಂಟು ಜನ ಯಾಕೆ ಹತ್ತುತ್ತಾರೆ ಎಂದು ಕೇಳಿದೆ. "ಗಣಿತ ಹೇಗೆ ಮಾಡ್ತಾರೆ ಅಂತ ನಂಗೇನು ಗೊತ್ತು" ಅಂದರು. ಬೆಳಗ್ಗೆಯೆಲ್ಲ ಹೊಗಳಬೇಕು ಅಂದುಕೊಂಡಿದ್ದೆ, ಕೊನೆಗೆ ನಕ್ಕು ನಕ್ಕು ಹೊಗಳುವುದೇ ಮರೆತುಹೋಯಿತು. ಇಲ್ಲಿ ಬರೆದಿಡುತ್ತೇನೆ: ಇಂಥ ಗಂಡ ನನಗೆ ಸಿಕ್ಕಿದ್ದು ನನ್ನ ಪುಣ್ಯ.

ಲೆಮ್ಮಾಗಳು, ಅಂದರೆ ಮುಖ್ಯ ಪ್ರಮೇಯಕ್ಕೆ ಮೆಟ್ಟಿಲಾಗುವ ಸಣ್ಣ ಪ್ರಮೇಯಗಳು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬರುತ್ತಿವೆ. ಏನು ಬಯಸಿದರೂ ಸಾಧಿಸಲು ಆಗುತ್ತಿದೆ. ನನಗೆ ಇಷ್ಟು ಬುದ್ಧಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಶುಕ್ರವಾರದ ಸೆಮಿನಾರಿಗೆ ಹೋಗಿದ್ದೆ, ನನ್ನ ಸರದಿ ಬರುವ ಮೊದಲು ಅಲ್ಲಿನ ಗಾಳಿ ಹೇಗಿದೆ ನೋಡೋಣವೆಂದು. ಮೊದಲ ಸಾಲಿನಲ್ಲಿ ಒಬ್ಬ ಮುದುಕರು ಕಣ್ಣು ಮುಚ್ಚಿ ಕೂತಿರುತ್ತಾರೆ. ನಿವೃತ್ತರಾಗಿ ಎಷ್ಟೋ ಕಾಲವಾಯಿತಂತೆ, ಆದರೆ ಒಂದು ಶುಕ್ರವಾರವನ್ನೂ ಬಿಟ್ಟಿಲ್ಲ. ಯಾರು ಏನೇ ಮಾತಾಡಲಿ, ಕೊನೆಗೆ ಕಣ್ಣು ತೆರೆದು ಒಂದೇ ಮಾತು: "ಒಂದು ಉದಾಹರಣೆ ಕೊಡಿ." ಎಲ್ಲರೂ ಅವರನ್ನು ಉದಾಹರಣೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಇವತ್ತು ಮಾತಾಡಿದ ಸಂಶೋಧಕ ಒಂದು ಉದಾಹರಣೆಯನ್ನು ಬೇಕೆಂದೇ ಬಚ್ಚಿಟ್ಟುಕೊಂಡಿದ್ದ. ಅವರು ಕೇಳಿದ್ದೇ ತಡ ಬೋರ್ಡಿನ ಮೇಲೆ ಬರೆದ. ಎಲ್ಲರೂ ನಕ್ಕು ಮೇಜು ಬಡಿದರು. ಇಲ್ಲಿ ಚಪ್ಪಾಳೆ ಇಲ್ಲ, ಭಾಷಣ ಮೆಚ್ಚಿದರೆ ಬೆರಳ ಗೆಣ್ಣುಗಳಿಂದ ಮೇಜು ಬಡಿಯುವುದು ರೂಢಿ.

ನನ್ನ ಸರದಿ ಏಪ್ರಿಲ್ ನಾಲ್ಕಕ್ಕೆ.

ಮಾರ್ಚ್ 22, ಶನಿವಾರ

ಮೇಷ್ಟ್ರಿಗೆ ಕೊಡಲು ಒಂದು ಚಿಕ್ಕ ಜಾಲ ಬೇಕು. ಬೆಳಗ್ಗೆ ಎಲ್ಲರೂ ಏಳುವ ಮೊದಲೇ ಲಿಫ್ಟಿನ ಬಾಗಿಲ ಮುಂದೆ ನಿಂತೆ. ಐದು ಬಿಂದು ಹಾಕಿದೆ, ಆಗಲಿಲ್ಲ. ಏಳು ಹಾಕಿದೆ, ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ದೊಡ್ಡದಾಗಿ ಹಾಕಿದೆ, ಬಾಗಿಲು ತುಂಬಿತೇ ಹೊರತು ಜಾಲ ಕೂಡಲಿಲ್ಲ. ಮಗಳು ಹಲ್ಲುಜ್ಜುತ್ತ ಬಂದು ನೋಡಿ, "ಅಮ್ಮ, ಇದು ಜೇಡ ಜಾರಿ ಬಿದ್ದ ಹಾಗಿದೆ" ಅಂದಳು. ಅವಳಿಗೆ ಪರೀಕ್ಷೆಯಿದೆ ಎಂದು ಬೈಯದೆ ಬಿಟ್ಟೆ.

ನನಗೆ ಮೊದಲಿನಿಂದಲೂ ಚಿತ್ರ ಬರೆಯಲು ಬಾರದು. ಮೇಡಂಗೆ ಹೇಳಿದರೆ "ಇಷ್ಟೂ ಗೊತ್ತಿಲ್ವಾ" ಅಂದುಕೊಳ್ಳುತ್ತಾರೆ. ಒಂದು ಉಪಾಯ ಹೊಳೆದಿದೆ. ಐದು ಬಿಂದು ಹಾಕಿ, ಕೆಲವು ಗೆರೆ ಎಳೆದು, ಪಕ್ಕಕ್ಕೆ ಚುಕ್ಕಿ ಚುಕ್ಕಿ ಇಟ್ಟು "ಹೀಗೇ ಮುಂದುವರಿಯುತ್ತದೆ" ಅಂದರಾಯಿತು. ಪ್ರಬಂಧದ ಕೊನೆಯ ಅಧ್ಯಾಯ ಮುಗಿಯಿತು. ಬೈಂಡಿಂಗ್‌ಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಎಲ್ಲ ಹೋಯಿತು. ಬರೆಯಲಾರೆ.

ಏಪ್ರಿಲ್ 5, ಶನಿವಾರ

ನಿನ್ನೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಭಾಷಣ ಚೆನ್ನಾಗಿಯೇ ಹೋಯಿತು. ಮೂರು ಷರತ್ತು, ಲೆಮ್ಮಾಗಳು, ಮುಖ್ಯ ಪ್ರಮೇಯ, ಎಲ್ಲ ಸಮಯಕ್ಕೆ ಸರಿಯಾಗಿ ಮುಗಿಯಿತು. ಮೇಷ್ಟ್ರು ಕಣ್ಣು ತೆರೆದರು. "ಒಂದು ಉದಾಹರಣೆ ಕೊಡಿಯಮ್ಮ." ನಾನು ನಗುತ್ತ ಐದು ಬಿಂದು ಹಾಕಿದೆ, ಗೆರೆ ಎಳೆದೆ, ಚುಕ್ಕಿಗಳನ್ನು ಇಟ್ಟೆ.

"ಆ ಚುಕ್ಕಿಗಳ ಒಳಗೆ ಏನಿದೆ?"

"ಹೀಗೇ ಮುಂದುವರಿಯುತ್ತೆ ಸರ್."

"ಹೇಗೆ?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು, ಅದೇ ನನ್ನನ್ನು ಕಟ್ಟಿಹಾಕಿತು. "ಗೊತ್ತಿಲ್ಲ ಸರ್" ಅಂದೆ. ಬೇರೆ ಯಾರೋ ಅಂದ ಹಾಗೆ ಕೇಳಿಸಿತು.

"ಒಳ್ಳೇದಾಯ್ತು, ನಂಗೂ ಗೊತ್ತಿಲ್ಲ. ಬರೀರಿ, ನೋಡೋಣ" ಅಂದರು.

ಒಬ್ಬಳನ್ನು ನಡುವೆ ಇಟ್ಟೆ. ಮೂರನೆಯ ಷರತ್ತಿನ ಆ ಚಂದದ ಸಾಲನ್ನು ಬಿಡಿಸಿ ನೋಡಿದರೆ ಅದು ಹೇಳುವುದು ಇಷ್ಟೇ: ಪ್ರತಿಯೊಬ್ಬರ ಪರಿಚಯಸ್ಥರ ಸಂಖ್ಯೆ ಬೆಸವಾಗಿರಬೇಕು. ಸರಿ, ಅವಳಿಗೆ ಮೂವರನ್ನು ಕೊಟ್ಟೆ. ನಡುವಿನವಳಿಗೂ ಮೊದಲನೆಯವಳಿಗೂ ಗೊತ್ತಿರುವವರು ಒಬ್ಬರು ಬೇಕು. ಅವರು ನಡುವಿನವಳ ಪರಿಚಯಸ್ಥರಲ್ಲೇ ಇರಬೇಕಲ್ಲ, ಹಾಗಾಗಿ ಮೊದಲನೆಯವಳನ್ನೂ ಎರಡನೆಯವಳನ್ನೂ ಸೇರಿಸಿದೆ. ಮೂರನೆಯವಳು ಒಂಟಿಯಾಗಿ ಉಳಿದಳು. ಅವಳನ್ನು ಮೊದಲನೆಯವಳಿಗೆ ಸೇರಿಸಿದರೆ ಮೊದಲನೆಯವಳಿಗೆ ಒಬ್ಬರ ಬದಲು ಇಬ್ಬರಾಗುತ್ತಾರೆ, ಷರತ್ತು ಮುರಿಯುತ್ತದೆ. "ನಾಲ್ಕನೆಯವಳನ್ನ ತನ್ನಿ" ಎಂದು ಹಿಂದಿನಿಂದ ಯಾರೋ ಕೂಗಿದರು. ತಂದೆ. ಈಗ ನಾಲ್ಕು, ಬೆಸವಲ್ಲ. "ಐದು!" ಐದನೆಯವಳು ಒಂಟಿ. "ಆರು!" ಆರು ಬೆಸವಲ್ಲ. ಕೊಠಡಿಯಲ್ಲಿ ಎಲ್ಲರೂ ಎದ್ದು ನಿಂತು ಏನೇನೋ ಹೇಳುತ್ತಿದ್ದರು, ಆಂಟಿ ಎಂದಿದ್ದ ಹುಡುಗಿ ಬೇರೆ ಬಣ್ಣದ ಚಾಕ್‌ಪೀಸ್ ತಂದು ಕೊಟ್ಟಳು. ನಾನು ಬರೆಯುವುದನ್ನು ನಿಲ್ಲಿಸಿ ಬೋರ್ಡನ್ನೇ ನೋಡುತ್ತ ನಿಂತೆ.

ಮೊದಲನೆಯ ಷರತ್ತು ಇದ್ದರೆ ಒಬ್ಬಳ ಪರಿಚಯಸ್ಥರು ಯಾವಾಗಲೂ ಜೋಡಿ ಜೋಡಿಯಾಗಿಯೇ ಕೂರುತ್ತಾರೆ. ಜೋಡಿಗಳು ಸೇರಿ ಬೆಸ ಹೇಗಾದೀತು? ಆಗದು. ಎಂದಿಗೂ ಆಗದು.

"ಸರ್, ಇಂಥ ಜಾಲ ಇಲ್ಲ" ಅಂದೆ. "ಒಂದೂ ಇಲ್ಲ."

ಆ ಪ್ರಬಂಧದಲ್ಲಿ ಒಂದು ಸಾಲೂ ಸುಳ್ಳಲ್ಲ. ಎಲ್ಲವೂ ನಿಜ, ಆದರೆ ಇಲ್ಲದೇ ಇರುವುದರ ಬಗ್ಗೆ ನಿಜ. ಇಲ್ಲದ ಮನೆಯ ಕಿಟಕಿಗಳ ಅಳತೆ ತೆಗೆದು ಪರದೆ ಹೊಲಿಯುತ್ತ ಕೂತಿದ್ದೆ. ಸಲೀಸಾಗಿ ಬಂದಾಗಲೇ ಅನುಮಾನ ಬರಬೇಕಿತ್ತು. ಒಂದಕ್ಕೊಂದು ಹೊಂದದ ಷರತ್ತುಗಳಿಂದ ಏನನ್ನು ಬೇಕಾದರೂ ಸಾಧಿಸಬಹುದು ಎಂದು ನಾನೇ ತರ್ಕದ ಪತ್ರಿಕೆಯಲ್ಲಿ ಬರೆದು ಪಾಸಾಗಿದ್ದೇನೆ.

ಆಮೇಲೆ ಮೇಷ್ಟ್ರು ಮೇಜು ಬಡಿಯತೊಡಗಿದರು, ಅವರ ಹಿಂದೆ ಇಡೀ ಕೊಠಡಿ ಬಡಿಯಿತು. ನನಗೆ ಅದು ಹೆಣದ ಮುಂದಿನ ತಮಟೆಯ ಸದ್ದಿನಂತೆ ಕೇಳಿಸಿತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಹುಡುಗಿ ನನ್ನ ಬ್ಯಾಗು ಹಿಡಿದು ಹೊರಗೆ ಕಾಯುತ್ತಿದ್ದಳು. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದಳು. ಅವಳ ತಾಯಿಯ ಹೊಟ್ಟೆ ತಣ್ಣಗಿರಲಿ.

ಏಪ್ರಿಲ್ 8, ಮಂಗಳವಾರ

ಇವರ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಇಂದು ಸಂಜೆ ಬಾಗಿಲು ತೆರೆದರೆ ಗೈಡ್ ಮೇಡಂ! ವಿಳಾಸ ಹುಡುಕಿಕೊಂಡು ಬಂದಿದ್ದಾರೆ. ಅತ್ತೆ ನಾಡಿ ಹಿಡಿದು ನೋಡುವವರ ಗತ್ತಿನಲ್ಲಿ, "ನಾಲ್ಕು ದಿನದಿಂದ ಸರಿಯಾಗಿ ಊಟ ಇಲ್ಲ, ಬೆನ್ನು ತಿರುಗಿಸಿ ಮಲಗ್ತಾಳೆ" ಎಂದು ವರದಿ ಒಪ್ಪಿಸಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೇಡಂ ಕೂರುವ ಮೊದಲೇ ಹೇಳಿದರು. "ತಪ್ಪು ನಂದೂ ಹೌದು. ಆ ಮೂರನೇ ಷರತ್ತನ್ನ ನಾನು ಬಿಡಿಸಿ ನೋಡ್ಬೇಕಿತ್ತು. ಚಂದ ಇತ್ತು ಅಂತ ಮೋಸ ಹೋದೆ. ಕ್ಷಮಿಸಿ."

ನನ್ನ ಗೈಡ್ ನನ್ನ ಮನೆಯಲ್ಲಿ ನಿಂತು ನನ್ನ ಕ್ಷಮೆ ಕೇಳುತ್ತಿದ್ದಾರೆ! ನಾನು ಕೊನೆಗೆ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಮೇಡಂ, ಗಡುವಿನೊಳಗೆ ಏನೂ ಆಗಲ್ಲ ಅಲ್ವಾ? ಇದ್ದ ಪುಟ ಎಲ್ಲ ಹೋಯ್ತಲ್ಲ."

"ಪುಟ ಎಷ್ಟಿರ್ಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಸರಿ ಇರ್ಬೇಕು, ನಿಮ್ಮದಾಗಿರ್ಬೇಕು, ಬೋರ್ಡಿನ ಮುಂದೆ ನಿಂತು ಉತ್ತರ ಕೊಡೋಕೆ ಬರ್ಬೇಕು. ಅಷ್ಟೇ. ಶುಕ್ರವಾರ ನೀವು ಒಂದು ಪ್ರಮೇಯ ಸಾಧಿಸಿದ್ರಿ. ಇಂಥ ಜಾಲ ಇಲ್ಲ ಅಂತ. ಅರ್ಧ ಪುಟ, ಆದ್ರೆ ನಿಜವಾದದ್ದು. ಈಗ ಮುಂದಿನ ಪ್ರಶ್ನೆ. ಇಲ್ಲ ಅಂತಾಯ್ತು. ಎಷ್ಟರ ಮಟ್ಟಿಗೆ ಇಲ್ಲ?"

"ಅಂದ್ರೆ?"

"ಎಲ್ಲರಿಗೂ ಬೆಸವೇ ಇರಲಿ. ಕೆಲವು ಗೆರೆಗಳು ಮೊದಲನೇ ಷರತ್ತನ್ನ ಮುರೀಲಿ. ಕಡಿಮೆ ಅಂದ್ರೆ ಎಷ್ಟು ಗೆರೆ ಮುರೀಬೇಕು?"

ಗೊತ್ತಿಲ್ಲ ಅಂದೆ. ಅವರು ಹೋದ ಮೇಲೆ ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 13, ಭಾನುವಾರ

ಇವರು ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋದರು, ಮನೆ ನನಗೆ ಬಿಟ್ಟುಕೊಡಲೆಂದೇ. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಕೆಳಗಿನ ಮನೆಯಾಕೆ ಹರಟೆಗೆ ಬಂದರೆ, "ಒಳಗೆ ಬಿಡಲ್ಲ, ಹೆರಿಗೆ ಕೋಣೆ" ಎಂದು ವಾಪಸು ಕಳಿಸಿದರಂತೆ. ಅತ್ತೆಯನ್ನು ನಾನು ಇಷ್ಟು ವರ್ಷ ಬಾಯಿ ಜೋರಿನವರು ಎಂದು ಗೊಣಗಿದ್ದೇ ಗೊಣಗಿದ್ದು. ಆ ಬಾಯಿ ನನ್ನ ಪರವಾಗಿ ಕಾವಲು ನಿಂತಾಗ ಎಷ್ಟು ಒಳ್ಳೆಯದು ಎಂದು ಈಗ ತಿಳಿಯಿತು.

ಇಡೀ ದಿನದಲ್ಲಿ ಸಿಕ್ಕಿದ್ದು ಒಂದು ಸಾಲು. ಪ್ರತಿಯೊಬ್ಬರಿಗೂ ಷರತ್ತು ಮುರಿದ ಗೆರೆ ಒಂದಾದರೂ ತಗುಲಿರಲೇಬೇಕು. ಒಂದು ಗೆರೆಗೆ ಎರಡೇ ತುದಿ. ಹಾಗಾಗಿ ಮುರಿದ ಗೆರೆಗಳು ಕಡಿಮೆಯೆಂದರೂ ಜನರ ಅರ್ಧದಷ್ಟು. ಆದರೆ ಸರಿಯಾಗಿ ಅರ್ಧವೇ ಇರುವ ಜಾಲ ಇದೆಯೇ? ಈ ಸಲ ಚಿತ್ರ ಬರದೆ ಪ್ರಮೇಯ ಬರೆಯುವುದಿಲ್ಲ.

ಏಪ್ರಿಲ್ 19, ಶನಿವಾರ

ಇದೆ! ಇದೆ! ಇದೆ!

ಹಾಲು ತರಲು ಹೋಗುವಾಗ ಮೆಟ್ಟಿಲ ಮೇಲೆ ಹೊಳೆಯಿತು. ಷರತ್ತು ಪಾಲಿಸುವ ಗುಂಪಿನಲ್ಲಿ ಎಲ್ಲರಿಗೂ ಸಮಸಂಖ್ಯೆಯ ಪರಿಚಯ. ಅಂಥ ಒಂದೇ ಥರದ ಎರಡು ಗುಂಪು ತೆಗೆದುಕೊಂಡು, ಈ ಗುಂಪಿನ ಪ್ರತಿಯೊಬ್ಬರನ್ನೂ ಆ ಗುಂಪಿನ ತಮ್ಮ ಪ್ರತಿರೂಪಕ್ಕೆ ಒಂದೊಂದು ಗೆರೆಯಿಂದ ಸೇರಿಸಿದರೆ ಸಾಕು. ಎಲ್ಲರಿಗೂ ಒಂದೊಂದು ಹೆಚ್ಚಾಗಿ ಬೆಸವಾಯಿತು, ಸೇರಿಸಿದ ಗೆರೆಗಳಷ್ಟೇ ಮುರಿದವು, ಅವು ಸರಿಯಾಗಿ ಅರ್ಧ. ಅತಿ ಚಿಕ್ಕದು ಎರಡು ತ್ರಿಕೋನ, ನಡುವೆ ಮೂರು ಕೊಂಡಿ.

ಹಾಲು ತರದೆ ವಾಪಸು ಓಡಿ ಬಂದೆ. ಮೊದಲು ಸಿಕ್ಕವರು ಅತ್ತೆ. ಊಟದ ಮೇಜಿನ ಮೇಲೆ ಗುಂಡಿಗಳನ್ನೂ ಬೆಂಕಿಕಡ್ಡಿಗಳನ್ನೂ ಇಟ್ಟು ತೋರಿಸಿದೆ. ಇಷ್ಟು ವರ್ಷದಲ್ಲಿ ನಾನು ಏನು ಓದುತ್ತಿದ್ದೇನೆ ಎಂದು ಅವರಿಗೆ ಹೇಳಿದ್ದು ಇದೇ ಮೊದಲು. ಅವರು ಕನ್ನಡಕ ಹಾಕಿಕೊಂಡು ಪ್ರತಿ ಗುಂಡಿಯನ್ನೂ ಮುಟ್ಟಿ ನೋಡಿದರು.

"ಡೇರೆಯ ಹಾಗಿದೆ" ಅಂದರು.

"ಹೌದು ಅತ್ತೆ, ಡೇರೆಯೇ."

"ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ ಕಣೇ. ಆದ್ರೆ ನಿನ್ನ ಮುಖ ಚೆನ್ನಾಗಿದೆ. ಹಾಲೆಲ್ಲಿ?"

ಏಪ್ರಿಲ್ 30, ಬುಧವಾರ

ಶಾಲೆಯ ಹೆಡ್ ಮೇಡಂ ಕರೆಸಿದ್ದರು. ಮುಖ್ಯಸ್ಥರ ಕುರ್ಚಿಯನ್ನು ಒಂಬತ್ತನೇ ತರಗತಿಯ ಗಣಿತದ ಮೇಷ್ಟ್ರಿಗೆ ಕೊಟ್ಟರಂತೆ, ಜೂನ್‌ವರೆಗೂ ಕಾಯಲು ಆಗುವುದಿಲ್ಲವಂತೆ. ಆ ಮೇಷ್ಟ್ರು ಒಳ್ಳೆಯವರು, ಸಿಹಿ ಹಂಚಿದರು. ಎರಡನೆಯ ಅಧ್ಯಾಯದ ಸಾಧನೆಯಲ್ಲಿ ಒಂದು ಸಣ್ಣ ಬಿರುಕಿತ್ತು, ಬಸ್ಸಿನಲ್ಲಿ ಬರುವಾಗ ಅದು ಸರಿಹೋಯಿತು. ಎರಡು ಗುಂಪುಗಳು ಒಂದೇ ಥರ ಇರಬೇಕಾದದ್ದೂ ಇಲ್ಲ, ಎರಡರಲ್ಲೂ ಜನ ಒಂದೇ ಸಂಖ್ಯೆಯಲ್ಲಿದ್ದರೆ ಸಾಕು! ಎಷ್ಟು ಸುಂದರ.

ಬೇಸಿಗೆಯ ವಿಶೇಷ ತರಗತಿಯಲ್ಲಿ ಕಿಟಕಿ ಪಕ್ಕದ ಹುಡುಗಿ ಇವತ್ತು ಅನಂತಕ್ಕಿಂತ ದೊಡ್ಡ ಅನಂತ ಇರುತ್ತದೆಯೇ ಎಂದು ಕೇಳಿದಳು. ಇದಕ್ಕಾದರೆ ಉತ್ತರ ಇದೆ, ಜೋಡಿ ಅವಿಭಾಜ್ಯಗಳಿಗೆ ಇಲ್ಲ, ಅದು ಯಾರಿಗೂ ಗೊತ್ತಿಲ್ಲ ಅಂದೆ. "ನಿಮಗೂನಾ ಮಿಸ್?" ಅಂದಳು. "ನನಗಂತೂ ಸುತಾರಾಂ ಗೊತ್ತಿಲ್ಲ" ಅಂದೆ. ಉಳಿದ ಅವಧಿಯೆಲ್ಲ ಅದರಲ್ಲೇ ಕಳೆಯಿತು, ಪಾಠ ಹಿಂದೆ ಬಿತ್ತು. ನಾಳೆ ರಜೆ, ನಾಳಿದ್ದು ಓಡಿಸಬೇಕು.

ಮೇ 6, ಮಂಗಳವಾರ

ಪ್ರಬಂಧ ಒಪ್ಪಿಸಿದೆ. ಮೊದಲಿನದರ ಕಾಲು ಭಾಗವೂ ಇಲ್ಲ. ತೆಳ್ಳಗಿದೆ ಎಂದು ಕಚೇರಿಯವರು ತಿರುಗಿಸಿ ನೋಡಿ, "ಇಷ್ಟೇನಾ?" ಅಂದರು. "ಇಷ್ಟೇ" ಅಂದೆ. ಬೈಂಡಿಂಗ್ ಯಾವ ಬಣ್ಣದ್ದು ಎಂದು ಈಗ ಬರೆಯಲು ಹೋದರೆ ನೆನಪಿಲ್ಲ.

ಕೃತಜ್ಞತೆಯ ಪುಟ ಮಾತ್ರ ಉದ್ದವಾಯಿತು. ಮೇಡಂ, ಇವರು, ಅತ್ತೆ, ಮಗಳು, ಬ್ಯಾಗು ಹಿಡಿದು ನಿಂತ ಹುಡುಗಿ. ಉದಾಹರಣೆ ಮೇಷ್ಟ್ರ ಬಗ್ಗೆ ಏನು ಬರೆದರೂ ಕಡಿಮೆ ಅನ್ನಿಸಿತು. ಕಚೇರಿಯಿಂದ ಹೊರಬರುವಾಗ ಕಾರಿಡಾರಿನಲ್ಲಿ ಅವರೇ ಸಿಕ್ಕರು. ಥ್ಯಾಂಕ್ಸ್ ಹೇಳಿದೆ. ಅವರು, "ಯಾಕಮ್ಮ? ನಾನು ಎಲ್ಲರನ್ನೂ ಕೇಳ್ತೀನಿ. ಹೆಚ್ಚಿನವರು ಏನೋ ಒಂದು ಕೊಟ್ಟು ಬಾಯಿ ಮುಚ್ಚಿಸ್ತಾರೆ. ನೀವು ಹುಡುಕಿದ್ರಿ" ಅಂದರು. ನಾನೂ ಬಾಯಿ ಮುಚ್ಚಿಸಲೆಂದೇ ಚುಕ್ಕಿ ಇಟ್ಟವಳು ಎಂದು ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು, ಕಾರಿಡಾರಿನ ಗೋಡೆ ಹಿಡಿದುಕೊಳ್ಳಬೇಕಾಯಿತು.

ಮೇ 22, ಗುರುವಾರ

ನಾಳೆ ಮೌಖಿಕ. ಫೇಲಾದರೆ ಮತ್ತೆ ಕರೆಯಲು ಗಡು‌ವಿನೊಳಗೆ ದಿನಗಳಿಲ್ಲ, ಆರು ವರ್ಷ ಮಣ್ಣುಪಾಲು. ಇವರು ನಾಳೆ ರಜೆ ಹಾಕುತ್ತೇನೆ ಅಂದರು. ಬೇಡ ಅಂದೆ, ಆದರೆ ಅಂದದ್ದು ಹಿತವಾಯಿತು.

ಮೇ 23, ಶುಕ್ರವಾರ

ಮೂವರು ಕೂತಿದ್ದರು. ಗೈಡ್ ಮೇಡಂ, ವಿಭಾಗದ ಒಬ್ಬರು, ಮತ್ತೆ ಹೊರಗಿನ ಪರೀಕ್ಷಕರು. ಈ ಹೊರಗಿನವರು ಆಜಾನುಬಾಹು. ಸಂಜೆಯ ರೈಲು ಹಿಡಿಯಬೇಕು, ಬೇಗ ಮುಗಿಸೋಣ ಎಂದು ಬಂದ ತಕ್ಷಣವೇ ಹೇಳಿದರು. ಮೊದಲು ಪತ್ರಿಕೆಗಳ ಮೇಲೆ ಕೇಳಿದರು. ಒಂದೆರಡು ಕಡೆ ತಡವರಿಸಿದೆ, ಒಂದು ಕಡೆ ತಪ್ಪು ಹೇಳಿ ನಾನೇ ತಿದ್ದಿಕೊಂಡೆ. ಆಮೇಲೆ ಪ್ರಬಂಧಕ್ಕೆ ಬಂದರು. ಬೋರ್ಡಿನ ಮೇಲೆ ಡೇರೆ ಬರೆದೆ.

ಹೊರಗಿನವರು ಗಡ್ಡ ಕೆರೆದುಕೊಂಡರು. "ಮುರಿದ ಗೆರೆ ಅಳಿಸಿದ್ರೆ ನಿಮ್ಮ ಡೇರೆ ಎರಡು ತುಂಡಾಗಿ ಬೀಳುತ್ತೆ. ಅಳಿಸಿದ ಮೇಲೂ ಒಂದೇ ತುಂಡಾಗಿ ಉಳಿಯೋದು ಇದೆಯಾ?"

"ಗೊತ್ತಿಲ್ಲ" ಅಂದೆ. "ನೋಡೋಣ."

ತ್ರಿಕೋನಗಳನ್ನು ಮೂಲೆಗೆ ಮೂಲೆ ತಾಗಿಸಿ ಹಾರದ ಹಾಗೆ ಸುತ್ತಲೂ ಜೋಡಿಸಿದೆ. ನಾಲ್ಕು ತ್ರಿಕೋನ ಸಾಲಲಿಲ್ಲ, ಐದು ಹಾಕಿದೆ. ಒಳಗಿನ ಮೂಲೆಗಳನ್ನು ಎದುರಿನ ಹೊರ ತುದಿಗಳಿಗೆ ಸೇರಿಸಿದಾಗ ಎಲ್ಲ ಕೂಡಿಬಂತು. ಹತ್ತು ಬಿಂದು, ಐದು ಮುರಿದ ಗೆರೆ, ಒಂದೇ ತುಂಡು.

"ಆಹಾ" ಎಂದು ಅವರು ಎದ್ದು ಬಂದರು. "ಇದಕ್ಕಿಂತ ಚಿಕ್ಕದು?"

"ಒಂಬತ್ತು ಆಗಲ್ಲ, ಜನ ಸಮಸಂಖ್ಯೆಯಲ್ಲೇ ಇರ್ಬೇಕು. ಎಂಟು... ಗೊತ್ತಿಲ್ಲ ಸರ್."

ಅವರೂ ಚಾಕ್‌ಪೀಸ್ ತೆಗೆದುಕೊಂಡರು. ಬೋರ್ಡಿನ ಆ ಕಡೆ ಅವರು, ಈ ಕಡೆ ನಾನು. ಅವರು ಹಾಕಿದ್ದರಲ್ಲಿ ತಪ್ಪು ನಾನು ಹಿಡಿದೆ, ನಾನು ಹಾಕಿದ್ದರಲ್ಲಿ ಅವರು ಹಿಡಿದರು. ಮೇಡಂ ಗಡಿಯಾರ ನೋಡಿ ರೈಲಿನ ವಿಷಯ ಎತ್ತಿದರು. ಅವರು "ಹೂಂ ಹೂಂ" ಎಂದು ಮತ್ತೊಂದು ತ್ರಿಕೋನ ಎಳೆದರು. ಕೊನೆಗೆ ವಿಭಾಗದವರು ನನಗೆ, "ನೀವು ಸ್ವಲ್ಪ ಹೊರಗಿರಿ, ನಾವು ಮಾತಾಡ್ತೀವಿ" ಅಂದರು.

ಹೊರಗೆ ಬಂದೆ. ಎಂಟರಲ್ಲಿ ತ್ರಿಕೋನಗಳು ಒಂದರ ಮೇಲೊಂದು ಒರಗುವ ಹಾಗೆ ಇಟ್ಟರೆ ಹೇಗೆ ಎಂದು ಯೋಚಿಸುತ್ತ ಮೆಟ್ಟಿಲಿಳಿದೆ. ಬಸ್ಸು ಬಂತು, ಹತ್ತಿದೆ. ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಬಿಂದು ಹಾಕುತ್ತಿದ್ದೆ. ಪಕ್ಕದ ಸೀಟಿನವರು ಸ್ವಲ್ಪ ದೂರ ಸರಿದು ಕೂತರು.

ಮನೆಯಲ್ಲಿ ಎಲ್ಲರೂ ಬಾಗಿಲಲ್ಲೇ ನಿಂತಿದ್ದರು. ಬೇಡವೆಂದರೂ ಇವರು ರಜೆ ಹಾಕಿದ್ದರು.

"ಏನಾಯ್ತು?" ಅಂದರು ಅತ್ತೆ.

"ಹತ್ತರಲ್ಲಿ ಇದೆ ಅತ್ತೆ, ಎಂಟರಲ್ಲಿ ಗೊತ್ತಿಲ್ಲ" ಅಂದೆ.

"ಅದಲ್ಲ ಕಣೇ. ಪಾಸಾ?"

ಕೇಳಿಯೇ ಇಲ್ಲ! ಹೊರಗಿರಿ ಅಂದದ್ದು ಫಲಿತಾಂಶಕ್ಕೆ ಕಾಯಲೆಂದು, ನಾನು ನೆಟ್ಟಗೆ ಮನೆಗೆ ಬಂದಿದ್ದೇನೆ. ಇವರು ಹಣೆ ಚಚ್ಚಿಕೊಂಡರು, ಮಗಳು ನೆಲದ ಮೇಲೆ ಕೂತು ನಗತೊಡಗಿದಳು, ನಾನು ವಾಪಸು ಓಡಲು ಹೊರಟೆ. ಚಪ್ಪಲಿ ಹುಡುಕುತ್ತಿದ್ದಾಗ ಫೋನ್ ಬಡಿದುಕೊಂಡಿತು. ಮೇಡಂ.

"ಎಲ್ಲಿದ್ದೀರಿ? ಮೂರು ಜನ ಇಡೀ ಕಟ್ಟಡ ಹುಡುಕಿದ್ವಿ. ಅವರು ರೈಲು ತಪ್ಪಿಸ್ಕೊಂಡ್ರು."

"ಮೇಡಂ, ನಾನು... ಮನೇಲಿ."

"ಪಾಸಾಗಿದ್ದೀರಿ. ಮೂವರದ್ದೂ ಒಂದೇ ಅಭಿಪ್ರಾಯ. ಎಲ್ಲ ಮುಗೀತು, ಇನ್ನು ಯಾವ ನಿಯಮವೂ ಬಾಕಿ ಇಲ್ಲ."

ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಸಂತೋಷಕ್ಕೆ ಅತ್ತದ್ದು, ಋಣಕ್ಕೆ ಅತ್ತದ್ದು, ಎರಡನ್ನೂ ಬೇರೆ ಮಾಡಿ ಬರೆಯಲು ನನಗೆ ಬಾರದು. ಎಷ್ಟು ಜನ ನನ್ನನ್ನು ಎತ್ತಿ ದಾಟಿಸಿದ್ದಾರೆ!

ಮೂಗು ಒರೆಸಿಕೊಂಡು ಮತ್ತೆ ಫೋನ್ ಕಿವಿಗಿಟ್ಟರೆ ಮೇಡಂ ಇನ್ನೂ ಅಲ್ಲೇ ಇದ್ದರು.

"ಮತ್ತೆ, ಎಂಟರದ್ದು ಏನಾಯ್ತು?" ಅಂದರು.

"ಇನ್ನೂ ಆಗಿಲ್ಲ ಮೇಡಂ."

"ನಮಗೂ ಆಗಿಲ್ಲ. ಅವರು ಇನ್ನೂ ಬೋರ್ಡಿನ ಮುಂದೇನೇ ಇದ್ದಾರೆ, ನಾಳೆ ಮಧ್ಯಾಹ್ನದ ರೈಲಿಗೆ ಹೋಗ್ತಾರಂತೆ. ನೀವು ಬೆಳಗ್ಗೆ ಬರಬೇಕು ಅಂತೇನಿಲ್ಲ."

ಎಷ್ಟು ಗಂಟೆಗೆ ವಿಭಾಗದ ಬಾಗಿಲು ತೆರೆಯುತ್ತಾರೆ ಎಂದು ಕೇಳಿದೆ.